ಕೈಲಾಸದ ತಂಡದಲ್ಲಿ ಒಂಬತ್ತನೆಯವನು

ಬೆಳಗಿನ ಹಟ್ಟಿ ಕೆಲಸ ಮುಗಿಸಿ ಪದ್ಮಯ್ಯ ಜಗಲಿಯಲ್ಲಿ ಬೂಟಿನ ಲಾಡಿ ಕಟ್ಟುತ್ತಿದ್ದ. ಪಕ್ಕದಲ್ಲಿ ಹತ್ತು ಸೇರು ಅಕ್ಕಿ ತುಂಬಿದ ಖಾಕಿ ಚೀಲ. ಅದನ್ನು ಬೆನ್ನಿಗೇರಿಸಿ ಮರ್ಕಂಜದ ಮನೆಯ ಹಿಂದಿನ ಗುಡ್ಡ ಹತ್ತಿ ಇಳಿಯುವುದು ಒಂದು ತಿಂಗಳಿನ ಅಭ್ಯಾಸ. ಐವತ್ತೆರಡು ವರ್ಷ ಬರಿಗಾಲಲ್ಲಿ ನಡೆದವನಿಗೆ ಚೀಲಕ್ಕಿಂತ ಬೂಟೇ ಭಾರ. ದರ್ಬೆಯಲ್ಲಿ ಹಳೆಯ ಮಿಲಿಟರಿ ಸಾಮಾನು ಮಾರುವ ಮಮ್ಮು ಬ್ಯಾರಿ ಕೊಡುವಾಗಲೇ ಹೇಳಿದ್ದ: "ಹಾಕಿದವ ಸತ್ತಿರ್ಬಹುದು ಗೌಡ್ರೆ, ಬೂಟು ಸಾಯುದಿಲ್ಲ."

೧೯೬೧ರ ಮೇ ತಿಂಗಳು. ಪುತ್ತೂರಿನ ನಿವೃತ್ತ ಡ್ರಿಲ್ ಮಾಸ್ಟ್ರು ತೀರ್ಥರಾಮ ಒಂಬತ್ತು ಜನರನ್ನು ಕೈಲಾಸಕ್ಕೆ ಕರೆದೊಯ್ಯುವವರಿದ್ದರು. ಅಲ್ಮೋಡಾದವರೆಗೆ ರೈಲು, ಬಸ್ಸು; ಆಮೇಲೆ ಕಣಿವೆ ದಾಟಿ ಟಿಬೆಟಿನೊಳಗೆ ನಡಿಗೆ. ಎರಡು ಸಲ ಹೋಗಿಬಂದವರು ಅವರು. ಅವರ ಪಟ್ಟಿಯಲ್ಲಿದ್ದ ಕಂಬಳಿ, ಉಣ್ಣೆ ಟೊಪ್ಪಿ, ಒಣಶುಂಠಿ ಎಲ್ಲ ಪದ್ಮಯ್ಯನ ಗಂಟಿನಲ್ಲಿ ಸೇರಿದ್ದವು. ಅವಲಕ್ಕಿಯನ್ನು ಅತ್ತಿಗೆ ಕಮಲಾವತಿ ತಾನೇ ಕುಟ್ಟಿದ್ದಳು. ಪಟ್ಟಿಯಲ್ಲಿಲ್ಲದ್ದು ಒಂದೇ: ಎಣ್ಣೆಬಟ್ಟೆಯಲ್ಲಿ ಸುತ್ತಿದ ಅಣ್ಣ ಚನಿಯಪ್ಪನ ಫೋಟೋ.

ಚನಿಯಪ್ಪ ನಾಲ್ಕು ವರ್ಷದ ಹಿಂದೆ ಬೇರೊಂದು ತಂಡದ ಜೊತೆ ಅದೇ ದಾರಿ ಹಿಡಿದವನು. ಟಿಬೆಟಿನ ತಕ್ಲಾಕೋಟಿನಲ್ಲಿ ಕಾಲಿಗೆ ಹಿಮ ಹಿಡಿದು ನಡೆಯಲಾರದಾದಾಗ ಒಬ್ಬ ಉಣ್ಣೆ ವ್ಯಾಪಾರಿಯ ಮನೆಯಲ್ಲಿ ಬಿಟ್ಟೆವು ಎಂದು ಜೊತೆಗಿದ್ದವರು ಬಂದು ಹೇಳಿದರು. ಮತ್ತೆ ಸುದ್ದಿಯಿಲ್ಲ. ಸತ್ತದ್ದು ಖಚಿತವಾಗದೆ ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡುವಂತಿಲ್ಲ; ಬೊಜ್ಜವಾಗದೆ ಸತ್ತ ಹಿರಿಯರ ಜೊತೆ ಎಡೆ ಬಡಿಸುವಂತಿಲ್ಲ. ಊಟದ ಸಾಲಿನಲ್ಲಿ ಅವನಿಗೆ ಎಲೆಯಿಲ್ಲ, ಹಿರಿಯರ ಸಾಲಿನಲ್ಲೂ ಇಲ್ಲ. ಕಮಲಾವತಿ ಕರಿಮಣಿ ಹಾಕಿಕೊಂಡೇ ಇದ್ದಳು. ಮದುವೆ ಮನೆಗಳಲ್ಲಿ ಅವಳಿಗೆ ಕುಂಕುಮ ಕೊಡುವವರು ಒಂದು ಕ್ಷಣ ತಡೆಯುತ್ತಿದ್ದರು.

"ಸತ್ತಿದ್ದಾರೆ ಅಂತಲಾದ್ರೂ ಕೇಳಿಕೊಂಡು ಬಾ, ಪದ್ಮಯ್ಯ," ಎಂದಿದ್ದಳು.

ಹೊರಡುವ ಮೊದಲು ಮಾಸ್ಟ್ರು ಎಲ್ಲರ ಗಂಟು ಮತ್ತು ಕಾಲು ನೋಡುವ ಭಾನುವಾರಕ್ಕೆ ನಾಲ್ಕು ದಿನ ಇರುವಾಗ ಪದ್ಮಯ್ಯ ಹಿಮ್ಮಡಿಗಳಿಗೆ ಗೇರೆಣ್ಣೆ ಹಚ್ಚಿದ. ಬೇಸಗೆಯಲ್ಲಿ ಹಿಮ್ಮಡಿ ಒಡೆದರೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಈ ಎಣ್ಣೆಯನ್ನು ಹಚ್ಚುವುದು ಊರಿನ ವಾಡಿಕೆ. ಮೆದು ಚರ್ಮಕ್ಕೆ ತಾಗಿದರೆ ಅದು ಬೆಂಕಿ. ಆದರೆ ದಪ್ಪಗಟ್ಟಿದ ಹಿಮ್ಮಡಿಗೆ ಏನೂ ಆಗುವುದಿಲ್ಲ. ಬರಿಗಾಲಲ್ಲಿ ಓಡಾಡುವಾಗ ಗಾಳಿಗೆ ಒಣಗಿ ಬಿರುಕು ಮುಚ್ಚುತ್ತದೆ. ಪ್ರತಿವರ್ಷ ಮಾಡುತ್ತಿದ್ದುದನ್ನೇ ಅವನು ಮಾಡಿದ. ಆಮೇಲೆ ಕಾಲುಚೀಲ ಎಳೆದು, ಬೂಟು ಬಿಗಿದು, ಗುಡ್ಡ ಹತ್ತಿದ. ಬೆವರಿನ ಜೊತೆ ಎಣ್ಣೆ ಪಾದವಿಡೀ ಹರಡಿತು. ಮನೆಗೆ ಬಂದು ಬಿಚ್ಚುವಾಗ ಕಾಲುಚೀಲಕ್ಕೆ ಚರ್ಮ ಅಂಟಿಕೊಂಡಿತ್ತು. ಹೆಂಡತಿ ಪೂವಮ್ಮ ತೆಂಗಿನೆಣ್ಣೆ ಸುರಿದಳು. ಬೊಕ್ಕೆ ಏಳುವುದು ನಿಲ್ಲಲಿಲ್ಲ.

ಭಾನುವಾರ ಅವನು ಅದೇ ಬೂಟಿನೊಳಗೆ ಬಾಳೆಎಲೆ ಸುತ್ತಿದ ಪಾದ ತುರುಕಿ ಪುತ್ತೂರಿನ ಬಸ್ಸು ಹತ್ತಿದ.

ಮಾಸ್ಟ್ರು ಚಾಪೆಯ ಮೇಲೆ ಎಲ್ಲರ ಗಂಟು ಬಿಚ್ಚಿಸಿ ಒಬ್ಬರನ್ನು ಕೇಳಿದರು: "ಉಪ್ಪಿನಕಾಯಿ ಭರಣಿ ಎಂತಕ್ಕೆ ಮಾರಾಯ್ರೆ, ಕೈಲಾಸದಲ್ಲಿ ಮದುವೆ ಉಂಟಾ?" ಎಲ್ಲರೂ ನಕ್ಕರು, ಪದ್ಮಯ್ಯನೂ ನಕ್ಕ. ಮಾಸ್ಟ್ರು ಅವನತ್ತ ತಿರುಗಿದರು. "ಇನ್ನು ಬೂಟು ಬಿಚ್ಚಿ."

"ಕಾಲು ಸರಿ ಉಂಟು ಮಾಸ್ಟ್ರೆ."

"ಸರಿ ಇದ್ರೆ ತೋರಿಸ್ಲಿಕ್ಕೆ ಎಂತ?"

ಬಾಳೆಎಲೆ ಹರಿದು ಕೀವಿಗೆ ಅಂಟಿತ್ತು. ನಗು ನಿಂತಿತು.

"ಹತ್ತು ದಿನದಲ್ಲಿ ಮಾಯ್ತದೆ," ಎಂದ ಪದ್ಮಯ್ಯ. "ರೈಲಿನಲ್ಲೇ ಮಾಯ್ತದೆ."

"ಶುಕ್ರವಾರ ಹೊರಡುದು ಗೌಡ್ರೆ. ಈ ಕಾಲಲ್ಲಿ ಕರ್ಕೊಂಡು ಹೋದ್ರೆ ನಿಮ್ಮನ್ನೂ ಅಲ್ಲಿ ಬಿಟ್ಟು ಬರ್ಬೇಕು." ಮಾಸ್ಟ್ರು ದನಿ ತಗ್ಗಿಸಿದರು. "ನಿಮ್ಮಣ್ಣನನ್ನು ಬಿಟ್ಟದ್ದು ಹೀಗೇ ಅಲ್ವಾ?"

ಪದ್ಮಯ್ಯ ಎಣ್ಣೆಬಟ್ಟೆ ಬಿಚ್ಚಿದ. ಫೋಟೋ ತೆಗೆದು ಅವರ ಕೈಗಿಟ್ಟ. ಮಾಸ್ಟ್ರು ಕೇಳಿನೋಡುತ್ತೇನೆ ಎಂದರು.

ಮನೆಯ ಬೇಲಿಯ ತಡಮೆ ದಾಟುವಾಗಲೇ ಕಮಲಾವತಿ ಎದುರು ಬಂದಳು. ಅವನ ಬೆನ್ನ ಮೇಲಿನ ಗಂಟು ನೋಡಿದಳು, ಕಾಲು ನೋಡಿದಳು.

"ಬರುವ ವರ್ಷ ಹೋಗ್ತೇನೆ ಅತ್ತಿಗೆ."

"ಆಯ್ತು. ಅವಲಕ್ಕಿ ಹಾಳಾಗ್ತದೆ, ಇತ್ಲಾಗಿ ಕೊಡು."

ಎಂಟು ಜನ ಶುಕ್ರವಾರ ಹೊರಟರು. ತಕ್ಲಾಕೋಟಿನಲ್ಲಿ ಮಾಸ್ಟ್ರು ಕೇಳಿಕೊಂಡು ಹೋದಾಗ ಆ ಉಣ್ಣೆ ವ್ಯಾಪಾರಿ ಮನೆ ಬಿಟ್ಟು ಹೋಗಿದ್ದ. ಎಲ್ಲಿಗೆಂದು ಹೇಳುವವರು ಸಿಗಲಿಲ್ಲ. ಮರುವರ್ಷ ಯಾತ್ರಿಕರಿಗೆ ಆ ಗಡಿ ಮುಚ್ಚಿತು.