ರಟ್ಟಿಗೆ ಅಂಟಿಸಿದ ಪ್ರಾರ್ಥನೆ

ನಮ್ಮ ದೊರೆ ಪೋಪರನ್ನು ಬಿಟ್ಟು ಹೊಸ ಕ್ರೈಸ್ತ ಪಂಥಕ್ಕೆ ಸೇರಿದ ಮೇಲೆ ಲ್ಯೂನೆಬುರ್ಗ್ ಸೀಮೆಯ ಕನ್ಯಾಮಠಗಳಿಗೆಲ್ಲ ಹೊಸ ಪಾದ್ರಿಗಳು ಬಂದರು. ನಮ್ಮ ಮಠಕ್ಕೆ ಬಂದವನು ಹೆನ್ನಿಂಗ್. ಲ್ಯಾಟಿನ್ ಪ್ರಾರ್ಥನೆ ಇನ್ನು ಕೂಡದು ಎಂದ. ದೊರೆಯ ಆಳುಗಳು ನಮ್ಮ ಪುಸ್ತಕಗಳನ್ನು ಸೌದೆಯಂತೆ ಗಾಡಿಗೆ ಎಸೆದರು.

ಅದರಲ್ಲಿ ನಮ್ಮ ಜೊತೆಯ ಸನ್ಯಾಸಿನಿ ಇಲ್ಜೆಬೆ ಅಕ್ಕ ತನ್ನ ತಂಗಿ ತಾಲೆಕೆಗಾಗಿ ಬರೆದ ಈಸ್ಟರ್ ಪ್ರಾರ್ಥನೆಯ ಪುಸ್ತಕವೂ ಹೋಯಿತು. ತಾಲೆಕೆಯೂ ನಮ್ಮ ಮಠದವಳೇ. ಕಾಯಿಲೆಯವಳು. ಅವಳನ್ನು ನಗಿಸಲೆಂದು ಅಕ್ಕ ತೊಗಲಿನ ಹಾಳೆಯ ಅಂಚಿನಲ್ಲಿ ಹಸಿರು ಮೊಲವೊಂದನ್ನು ಬರೆದಿದ್ದಳು. ಗಾಡಿ ಬರುವ ಮುಂಚೆಯೇ ಪ್ಲೇಗಿನಲ್ಲಿ ತಾಲೆಕೆ ತೀರಿಕೊಂಡಾಗ ಆ ಪುಸ್ತಕ ಅವಳ ಎದೆಯ ಮೇಲಿತ್ತು.

ಮರುವರ್ಷ ಹೆನ್ನಿಂಗ್ ಹೊಸ ಉಪದೇಶದ ಪುಸ್ತಕ ಹಿಡಿದು ಬಂದ. ಅದರ ರಟ್ಟಿನ ಮೇಲೆ ಹಸಿರು ಮೊಲ. ಕುತ್ತಿಗೆಯ ಹತ್ತಿರ ಕತ್ತರಿ ಆಡಿತ್ತು, ತಲೆ ಇರಲಿಲ್ಲ.

"ಪಾದ್ರಿಗಳೇ, ಆ ಪುಸ್ತಕ ಸ್ವಲ್ಪ ಕೊಡಿ," ಎಂದಳು ಅಕ್ಕ.

"ಏನಮ್ಮಾ, ಕೊನೆಗೂ ಓದೋ ಮನಸ್ಸು ಬಂತಾ?"

"ಒಳಗಿರೋದು ನಿಮ್ದು. ಹೊರಗಿರೋದು ನನ್ ತಂಗೀದು."

ಅವನು ನಕ್ಕ. "ಹಳೇ ತೊಗಲು ಕಣಮ್ಮಾ. ಪಟ್ಟಣದಲ್ಲಿ ರಟ್ಟು ಕಟ್ಟೋನು ಗಾಡೀಲಿದ್ದದ್ದನ್ನೆಲ್ಲ ಕೊಂಡ್ಕೊಂಡ. ಗಟ್ಟಿ ಮಾಲು, ಬಾಳಿಕೆ ಬರುತ್ತೆ."

"ನಿಮ್ ಮಾತು ಬಾಳೋಕೆ ನಮ್ ಪ್ರಾರ್ಥನೆ ತೊಗಲು ಸುಲೀಬೇಕಾಯ್ತಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಪುಸ್ತಕ ಕಸಿದುಕೊಂಡು, ಲೇಖನಿ ಚೂಪು ಮಾಡುವ ಚಾಕುವಿನಿಂದ ರಟ್ಟು ಸೀಳಿದಳು. ಹಾಳೆ ಬಂತು. ಆದರೆ ಅಂಟಿಗೆ ಸಿಕ್ಕಿದ್ದ ಒಳಮೈಯ ಅಕ್ಷರಗಳು ಎದ್ದು ರಟ್ಟಿನಲ್ಲೇ ಉಳಿದವು. ತನ್ನ ಕೈಬರಹವನ್ನು ತಾನೇ ಸುಲಿದಂತಾಯಿತು.

ಹೆನ್ನಿಂಗ್ ಕೂಗಾಡಿದ. ನಮ್ಮ ಮಠದ ಹಿರಿಯಮ್ಮ ಬಾಗಿಲು ತೆರೆದು ನಿಂತರು. "ಮಳೆ ಬರೋ ಹಾಗಿದೆ ಪಾದ್ರಿಗಳೇ. ಬರೀ ಮೈಯ ಪುಸ್ತಕ, ನೆನೆದೀತು. ಬೇಗ ಹೊರಡಿ."

ಅವನು ದೊರೆಗೆ ದೂರು ಕೊಟ್ಟ. ಮಠಕ್ಕೆ ಬರುತ್ತಿದ್ದ ಸೌದೆ ನಿಂತಿತು. ಅಕ್ಕನ ಮಸಿ, ಲೇಖನಿ ಎಲ್ಲವನ್ನೂ ಒಯ್ದರು. ಆ ಚಳಿಗಾಲ ಹಲ್ಲು ಕಟಕಟಿಸಿಕೊಂಡು ಕಳೆದೆವು. ಅಕ್ಕನನ್ನು ಒಬ್ಬರೂ ಬಯ್ಯಲಿಲ್ಲ.

ಆಮೇಲೆ ಮಠಕ್ಕೆ ಯಾರೇ ಪುಸ್ತಕ ತಂದರೂ ಅಕ್ಕ ಮೊದಲು ಅದರ ಬೆನ್ನು ನೋಡುತ್ತಿದ್ದಳು. ತಾಲೆಕೆಯ ಇನ್ನೊಂದು ಹಾಳೆ ಸಿಗಲಿಲ್ಲ.

ಮುದಿತನದಲ್ಲಿ ಹೆನ್ನಿಂಗ್ ಹಾಸಿಗೆ ಹಿಡಿದ. ಕ್ಷಮಿಸಬೇಕು ಎಂದು ನನ್ನ ಕೈಲಿ ಹೇಳಿಕಳಿಸಿದ.

"ಮೊಲದ ತಲೆ ಹುಡುಕಿ ತರ್ಲಿ, ಆಮೇಲೆ ನೋಡೋಣ," ಎಂದಳು ಅಕ್ಕ.

ಹಾಗೆಯೇ ಹೋಗಿ ಹೇಳಿದೆ. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ.