ಬಾಯಿ ಇರುವ ಹೂವು

ಹೂವಿಗೆ ಹೊಟ್ಟೆಯಿಲ್ಲ. ಇದು ನಿಮಗೂ ಗೊತ್ತು, ಕಾದಿಸ್ ಎಂಬ ಕಡಲೂರಿನ ಹೋಟೆಲು ಮಾಲೀಕ ಫೆರ್ಮಿನ್‌ಗೂ ಗೊತ್ತು. ಆದರೂ ಅವನು ಕಡಲ ತುರಚಿಯನ್ನು ಹೂವು ಮಾಡಿ ಮಾರಿದ.

ಬಂಡೆಗೆ ಅಂಟಿಕೊಂಡು ಎಸಳಿನಂಥ ಬೆರಳಾಡಿಸುವ ಈ ಮೆತ್ತನೆ ಪ್ರಾಣಿಯನ್ನು ನೀರು ಇಳಿದಾಗ ಕಿತ್ತು ತರುವವಳು ಕಸಿಲ್ದಾ. ಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಗೆ ಬಿಟ್ಟರೆ ಸಮುದ್ರವೇ ಗರಿಗರಿ. ಹಸಿಯಾಗಿ ಮುಟ್ಟಿದರೆ ಮಾತ್ರ ಹಿತ್ತಲ ಗೋಡೆಯ ತುರಚಿ ಗಿಡದ ಹಾಗೇ ಉರಿ. ಅಜ್ಜಂದಿರು ಅದಕ್ಕೇ ಆ ಹೆಸರಿಟ್ಟರು.

ಪ್ರವಾಸಿಗಳು ಹೆಚ್ಚಿದ ಮೇಲೆ ಫೆರ್ಮಿನ್ ಫಲಕ ಬದಲಿಸಿದ: ‘ಕಡಲ ಹೂವು. ಮಾಂಸವಿಲ್ಲ.’

“ಯಾರಾದ್ರೂ ಕೇಳಿದ್ರೆ ನೀನೂ ಹಂಗೇ ಹೇಳಕ್ಕಾ,” ಎಂದ.

ಕಸಿಲ್ದಾಳಿಗೆ ಅದರಲ್ಲಿ ಸುಳ್ಳೇ ಕಾಣಲಿಲ್ಲ. ಈಸ್ಟರಿಗೆ ಮುಂಚಿನ, ಮಾಂಸ ಮುಟ್ಟದ ಉಪವಾಸದ ಶುಕ್ರವಾರ ಪಾದ್ರಿಗಳೇ ಇದನ್ನು ಮತ್ತೆ ಮತ್ತೆ ಬಡಿಸಿಕೊಂಡು ತಿನ್ನುತ್ತಾರೆ. ನೀರಿನಿಂದ ಬಂದದ್ದು ಮಾಂಸವಲ್ಲ ಎಂದು ಊರಿಗೆ ಊರೇ ಒಪ್ಪಿದೆ. ಬೇಸಿಗೆಯಿಡೀ ಹಾಗೇ ಹೇಳಿದಳು.

ಒಂದು ಮಧ್ಯಾಹ್ನ ಅವಳು ಹಸಿ ತುರಚಿಯ ಬಕೆಟ್ಟು ಹೊತ್ತು ಹೋಟೆಲಿಗೆ ಬಂದಾಗ, ಮ್ಯಾಡ್ರಿಡ್‌ನ ಎಲ್ವಿರಾ ಎಂಬಾಕೆ ತಟ್ಟೆ ಖಾಲಿ ಮಾಡಿ ಕೂತಿದ್ದಳು.

“ಅಮ್ಮಾ, ಮಗ ಬದುಕಿದ್ರೆ ಯಾವ ಪ್ರಾಣೀನೂ ತಿನ್ನಲ್ಲ ಅಂತ ಹರಕೆ ಹೊತ್ತಿದ್ದೆ. ಬದುಕಿದ. ಈ ಊರಲ್ಲಿ ನಿಮ್ಮ ಹೂವಿಲ್ದಿದ್ರೆ ಉಪವಾಸಾನೇ. ಇದು ಗಿಡ ತಾನೇ?”

ಕಸಿಲ್ದಾ ಬಕೆಟ್ಟನ್ನು ಕೆಳಗಿಟ್ಟಳು.

“ಗಿಡಾನೇ ಮೇಡಂ! ಇನ್ನೊಂದು ಪ್ಲೇಟು ತರಿಸ್ಲಾ?” ಫೆರ್ಮಿನ್ ನಗುತ್ತಲೇ ಕಸಿಲ್ದಾಳನ್ನು ದುರುಗುಟ್ಟಿದ. ಅವಳ ಬಕೆಟ್ಟನ್ನು ಇಡಿಯಾಗಿ ಕೊಳ್ಳುವವನು ಅವನೊಬ್ಬನೇ.

ಅವಳು ಪಕ್ಕದ ಮೇಜಿನಿಂದ ಒಂದು ಸಿಗಡಿ ಎತ್ತಿ ಬಕೆಟ್ಟಿಗೆ ಹಾಕಿದಳು. ಹೂವಿನ ಎಸಳು ಬಾಗಿದವು, ಹಿಡಿದವು, ನಡುವಿನ ಬಾಯಿಗೆ ತುರುಕಿದವು.

“ಗೋಡೆ ತುರಚಿ ಚುಚ್ಚೋದು ನನ್ನ ತಿನ್ಬೇಡ ಅಂತ. ಇದು ಚುಚ್ಚೋದು ನಿನ್ನ ತಿಂತೀನಿ ಅಂತ. ಬೇಸಿಗೆಯಿಡೀ ಎರಡೂ ಒಂದೇ ಜಾತಿ ಅನ್ನೋ ಹಂಗೆ ಮಾತಾಡ್ದೆ. ತಪ್ಪಾಯ್ತು ಕಣಮ್ಮಾ.”

ಎಲ್ವಿರಾ ಬಾಯಿಗೆ ಕೈ ಅಡ್ಡ ಹಿಡಿದು ಎದ್ದಳು.

“ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ,” ಫೆರ್ಮಿನ್ ಹಲ್ಲು ಕಡಿದ.

“ಹಾಕಲ್ಲ ಬಿಡೋ. ನಿಮ್ಮವ್ವ ಇದನ್ನ ತುರಚಿ ಅಂತ್ಲೇ ಮಾರಿ ನಿನ್ನ ಸಾಕಿದ್ಲು.”

ಈಗ ಕಸಿಲ್ದಾ ಮೀನುಪೇಟೆಯ ಮೂಲೆಯಲ್ಲಿ ತಾನೇ ಕರಿಯುತ್ತಾಳೆ. ಕೇಳಿದವರಿಗೆ ಬಾಯಿ ತೋರಿಸಿಯೇ ಕೊಡುತ್ತಾಳೆ. ಅರ್ಧ ಜನ ಮೂಗು ಮುರಿದು ಫೆರ್ಮಿನ್‌ನ ಹೂವು ತಿನ್ನಲು ಹೋಗುತ್ತಾರೆ. ಅಲ್ಲಿ ಕೂರಲು ಕುರ್ಚಿ ಸಿಗುವುದಿಲ್ಲ.

ನೀವು ತಿನ್ನಿ, ಬೇಡ ಅನ್ನುವವಳು ಕಸಿಲ್ದಾಳೂ ಅಲ್ಲ. ಆದರೆ ಯಾರಾದರೂ ಹೂವು ಎಂದು ಬಡಿಸಿದರೆ ‘ಇದರ ಬಾಯಿ ಎಲ್ಲಿದೆ, ತೋರಿಸು’ ಎನ್ನಿ. ತಟ್ಟೆಗೆ ಕೈ ಹಾಕುವ ಮೊದಲೇ ಕೇಳಿ.