ಕೆಂಪು ತುದಿಯ ಪೆನ್ಸಿಲ್ಲು

ನನ್ನ ಮೇಜಿನ ಮೇಲೊಂದು ಬೆರಳುದ್ದದ ಪೆನ್ಸಿಲ್ಲಿದೆ; ಒಂದು ತುದಿ ನೀಲಿ, ಇನ್ನೊಂದು ಕೆಂಪು. ರಾಯಚೂರಿನ ವಕೀಲರ ಗ್ರಂಥಾಲಯದಲ್ಲಿ ಗ್ರಂಥಪಾಲಕನಾಗಿ ಇಷ್ಟು ವರ್ಷ ನನ್ನ ದರ್ಬಾರು ನಡೆದದ್ದು ಇದರಿಂದಲೇ ಎಂದರೆ ನೀವು ನಕ್ಕೀರಿ. ಕಾನೂನು ಸಂಪುಟದಲ್ಲಿ ಗಟ್ಟಿಯಾಗಿ ನಿಂತ ತೀರ್ಪಿನ ಪಕ್ಕ ನೀಲಿ ಗೆರೆ ಎಳೆಯುತ್ತೇನೆ. ಮುಂದೆ ದೊಡ್ಡ ಪೀಠವೊಂದು ಅದನ್ನು ತಳ್ಳಿಹಾಕಿದರೆ ಕೆಂಪಿನಲ್ಲಿ ‘ಸತ್ತದ’ ಎಂದು ಬರೆಯುತ್ತೇನೆ. ಮಾನ್ವಿ, ದೇವದುರ್ಗದಿಂದ ಬರುವ ಹಿರಿಯ ವಕೀಲರೂ ನನ್ನ ಗುರುತು ನೋಡದೆ ನ್ಯಾಯಾಧೀಶರ ಮುಂದೆ ಪುಸ್ತಕ ತೆರೆಯುತ್ತಿರಲಿಲ್ಲ.

ಆಗ ಬಂದಳು ನೋಡಿ, ರೇಣುಕಾ. ಮಸರಕಲ್ಲಿನ ಹುಡುಗಿ, ಮನೆತನದಲ್ಲಿ ಕರಿಕೋಟು ತೊಟ್ಟ ಮೊದಲನೆಯವಳು. ನಾನು ಸ್ಟೂಲು ಹತ್ತಿ, ಧೂಳು ಕೊಡವಿ, ಸಂಪುಟ ಇಳಿಸುವಷ್ಟರಲ್ಲಿ ಆಕೆ ಮೊಬೈಲಿನಲ್ಲಿ ತೀರ್ಪು ತೆಗೆದು ಓದಿಯೇ ಮುಗಿಸಿರುತ್ತಿದ್ದಳು. ಕೋರ್ಟಿನ ಜಾಲತಾಣವಂತೆ, ಪುಕ್ಕಟೆಯಂತೆ! ನನ್ನ ಮೇಜಿನೆದುರು ನಿಲ್ಲುತ್ತಿದ್ದವರೆಲ್ಲ ಈಗ “ತಂಗಿ, ಸ್ವಲ್ಪ ನೋಡವ್ವಾ” ಎಂದು ಅವಳನ್ನು ಸುತ್ತತೊಡಗಿದರು. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚು. ನಮ್ಮೂರಿನ ಬಿಸಿಲಿಗಿಂತ ಒಂದು ಕೈ ಮಿಗಿಲಾದ ಹೊಟ್ಟೆಕಿಚ್ಚು. ನೆಟ್‌ವರ್ಕ್ ಹೋದ ದಿನ ಮಿರ್ಚಿಬಜ್ಜಿ ತರಿಸಿ ತಿಂದವನು ನಾನು.

ಅಷ್ಟಕ್ಕೇ ಬಿಟ್ಟೆನೇ? “ಅಲ್ಲಿ ಗಾಳಿ ಚಲೋ ಬರ್ತದ, ಕೂಡವ್ವಾ” ಎಂದು ಅವಳ ಕುರ್ಚಿಯನ್ನು ಕಬ್ಬಿಣದ ಅಲ್ಮಾರಿಗಳ ಹಿಂದಿನ ಮೂಲೆಗೆ ಹಾಕಿಸಿದೆ. ಅಲ್ಲಿ ಗಾಳಿಯೂ ಇಲ್ಲ, ಸಿಗ್ನಲ್ಲೂ ಇಲ್ಲ. “ಎಷ್ಟು ಕಾಳಜಿರೀ ಸರ್ ನಿಮಗ” ಎಂದು ಪಾಪ, ಕೂತೇಬಿಟ್ಟಳು.

ಒಂದು ಮಧ್ಯಾಹ್ನ ಮಾನ್ವಿಯ ಹಿರಿಯ ವಕೀಲರೊಬ್ಬರು ಅವಸರದಲ್ಲಿ ಬಂದರು. ಅವರ ಕಕ್ಷಿದಾರಳಾದ ಗುಂಜಹಳ್ಳಿಯ ಹನುಮವ್ವ ಹೊಲಕ್ಕೆ ಹೋಗುವ ದಾರಿಯನ್ನು ಪಕ್ಕದ ಹೊಲದವನು ಮುಚ್ಚಿದ್ದ; ಅಂದೇ ವಾದ. ಮೂಲೆಯವಳಿಗೆ ಕೇಳಲೆಂದೇ ತೀರ್ಪಿನ ಹೆಸರನ್ನು ಜೋರಾಗಿ ಹೇಳಿ, ನೀಲಿ ಗೆರೆಯ ಸಂಪುಟವನ್ನು ಗತ್ತಿನಿಂದ ಕೊಟ್ಟು ಕಳಿಸಿದೆ. ರೇಣುಕಾ ತಲೆಯೆತ್ತಿದಳು. “ಸರ್, ಆ ತೀರ್ಪು ದೊಡ್ಡ ಪೀಠದಾಗ ಬಿದ್ದದ ಅನಸ್ತದರಿ.” ಫೋನು ಒತ್ತಿದಳು, ಪರದೆಯ ಮೇಲೆ ಚಕ್ರ ಸುಮ್ಮನೆ ತಿರುಗುತ್ತಿತ್ತು. “ನನ್ನ ಸಂಪುಟದಾಗ ಹಂಗೇನೂ ಬಂದಿಲ್ಲವ್ವಾ” ಎಂದೆ. ಸಂಪುಟಗಳು ಅಂಚೆಯಲ್ಲಿ ತಿಂಗಳುಗಟ್ಟಲೆ ತಡವಾಗಿ ಬರುತ್ತವೆಂಬುದು ನನಗಲ್ಲದೆ ಇನ್ನಾರಿಗೆ ಗೊತ್ತು? ಅವಳು ಎದ್ದು ಅಂಗಳದ ಬೇವಿನಮರದಡಿಗೆ ಓಡಿದಳು, ಸಿಗ್ನಲ್ ಹುಡುಕುತ್ತ ಸುತ್ತಿದಳು, ಅಲ್ಲಿಂದ ಕೋರ್ಟ್ ಹಾಲಿನತ್ತ ಓಡಿದಳು. ನಾನು ಕಿಟಕಿಗೆ ಹೋಗಿ ಅವಳನ್ನೇ ನೋಡುತ್ತ ನಿಂತೆ. ಬೆಳಿಗ್ಗೆಯಷ್ಟೇ ಹನುಮವ್ವ ನಮ್ಮ ಬಾಗಿಲಲ್ಲಿ ಕುಳಿತು ರೊಟ್ಟಿಬುತ್ತಿ ಬಿಚ್ಚಿದ್ದಳು.

ವಕೀಲರು ವಾದಕ್ಕೆ ಏಳುವ ಮುನ್ನ ಹೇಗೋ ತಲುಪಿದಳಂತೆ. ಸತ್ತ ತೀರ್ಪನ್ನು ಬದಿಗಿಟ್ಟು, ಅವಳು ಹುಡುಕಿಕೊಟ್ಟ ಬೇರೆ ತೀರ್ಪನ್ನು ಅವರು ಓದಿದರಂತೆ. ದಾರಿ ಬಿಡಬೇಕೆಂದು ಆದೇಶವಾಯಿತು. “ನಿಮ್ಮ ಪುಸ್ತಕದ ಪುಣ್ಯಾ ಯಪ್ಪಾ” ಎಂದು ಹನುಮವ್ವ ನನಗೇ ಕೈಮುಗಿದು ಹೋದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸಂಜೆ ರೇಣುಕಾ ಆ ಸಂಪುಟ ತಂದಿಟ್ಟಳು. ಮೂಲೆಯ ಸುದ್ದಿ ಎತ್ತಲಿಲ್ಲ. ನಾನು ಪೆನ್ಸಿಲ್ಲನ್ನು ಅವಳ ಕೈಗೇ ಚಾಚಿದೆ. “ನೀವ ಬರೀರಿ ಸರ್. ನಿಮ್ಮ ಅಕ್ಷರ ನೋಡಿದ್ರನ ಮಂದಿ ನಂಬ್ತಾರ” ಎಂದಳು. ನೀಲಿ ಗೆರೆಯ ಪಕ್ಕ ಕೆಂಪಿನಲ್ಲಿ ಬರೆದೆ.

ಈಗ ಅವಳ ಕುರ್ಚಿ ಕಿಟಕಿಯ ಬಳಿಯಿದೆ. ಅವಳು ಫೋನು ನೋಡಿ ಹೇಳುತ್ತಾಳೆ, ನಾನು ಗುರುತು ಹಾಕುತ್ತೇನೆ. ಕೆಂಪು ತುದಿ ಬೇಗ ಬೇಗ ಸವೆಯುತ್ತಿದೆ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳುತ್ತೀರೇನು? ಇಲ್ಲ ಸ್ವಾಮಿ. ಮೊದಲು ಅವಳ ಫೋನಿನ ಮೇಲಿತ್ತು, ಈಗ ಅವಳ ಮನಸ್ಸಿನ ಮೇಲಿದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಸಂಜೆ ಪೆನ್ಸಿಲ್ಲು ಕಸಿದುಕೊಂಡು ನಾನೇ ಬರೆಯುತ್ತಿದ್ದೆ.